ಗಡಿಯಾರದ ಮುಂದೆ ಕುಳಿತ ಪ್ರೇಕ್ಷಕ

ಕಂಪನಿ ನಾಟಕಗಳ ಕಾಲವನ್ನು ಕಂಡ ಹಿರಿಯರ ಬಾಯಿಂದ ಒಂದು ಕಥೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಕೇಳಿದ್ದೇವೆ. ರಂಗದ ಮೇಲೆ ದುಶ್ಶಾಸನ ದ್ರೌಪದಿಯ ಸೆರಗಿಗೆ ಕೈಹಾಕುತ್ತಾನೆ; ಕೆಳಗೆ ಚಾಪೆಯ ಮೇಲೆ ಕುಳಿತಿದ್ದ ಪ್ರೇಕ್ಷಕನೊಬ್ಬ ತಟ್ಟನೆ ಎದ್ದು, ಕಾಲಿನ ಕೆರವನ್ನು ತೆಗೆದು ದುಶ್ಶಾಸನನ ಮುಖಕ್ಕೆ ಎಸೆಯುತ್ತಾನೆ. ಊರಿನ ಹೆಸರು, ಕಂಪನಿಯ ಹೆಸರು, ನಟನ ಹೆಸರು ಹೇಳುವವರಿಗೆ ತಕ್ಕಂತೆ ಬದಲಾಗುತ್ತವೆ. ಕೆರ ಮಾತ್ರ ಬದಲಾಗುವುದಿಲ್ಲ. ಏಟು ತಿಂದ ನಟ ಅದನ್ನು ಕಣ್ಣಿಗೊತ್ತಿಕೊಂಡು, ತನ್ನ ಅಭಿನಯಕ್ಕೆ ಇದಕ್ಕಿಂತ ದೊಡ್ಡ ಬಹುಮಾನವಿಲ್ಲವೆಂದನಂತೆ. ಕೇಳಿ ನಾವು ನಗುತ್ತೇವೆ. ಪಾಪ, ಹಳ್ಳಿಯ ಮುಗ್ಧ, ನಾಟಕವನ್ನು ನಿಜವೆಂದು ತಿಳಿದ ಎನ್ನುತ್ತೇವೆ.

ಆದರೆ ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿಯೂ ಇದೆ. ಆ ಪ್ರೇಕ್ಷಕ ಎದ್ದುನಿಂತದ್ದು ಹಿಂಸೆಗೆ ಒಳಗಾದವಳ ಪರವಾಗಿ. ಅವನ ಬುದ್ಧಿ ಒಂದು ಕ್ಷಣ ಮೋಸಹೋಗಿರಬಹುದು, ಹೃದಯ ಮೋಸಹೋಗಿರಲಿಲ್ಲ.

ಅಮೆರಿಕದ ಒಂದು ಟೆಲಿವಿಷನ್ ಧಾರಾವಾಹಿಗೆ ಅದರ ಪ್ರೇಕ್ಷಕರು ತೋರಿದ ಪ್ರತಿಕ್ರಿಯೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಆ ಕೆರದ ನೆನಪಾಗುತ್ತದೆ. ಅಲ್ಲಿಯೂ ಪ್ರೇಕ್ಷಕರು ಎದ್ದುನಿಂತರು. ಆದರೆ ಎದ್ದುನಿಂತದ್ದು ಹಿಂಸಿಸುವವನ ಪರವಾಗಿ. ಹಾಗೆ ನಿಂತವರು ಹಳ್ಳಿಯ ಮುಗ್ಧರಾಗಿರಲಿಲ್ಲ. ಅವರಲ್ಲಿ ನ್ಯಾಯಮೂರ್ತಿಗಳಿದ್ದರು, ರಾಷ್ಟ್ರಾಧ್ಯಕ್ಷರಾಗಬಯಸಿದವರಿದ್ದರು, ಸೇನಾಧಿಕಾರಿಗಳಾಗಲು ಓದುತ್ತಿದ್ದ ತರುಣರಿದ್ದರು. ಅವರ ಸಾಲಿನ ಕೊನೆಯಲ್ಲಿ ಒಂದು ಸಂಜೆ ನಾನೂ ನಿಂತಿದ್ದೆ. ಆದುದರಿಂದ ಮುಂದೆ ಹೇಳುವುದೆಲ್ಲ ಪರರನ್ನು ಕುರಿತದ್ದು ಮಾತ್ರವೆಂದು ವಾಚಕರು ತಿಳಿಯಬಾರದು.

ಧಾರಾವಾಹಿಯ ಹೆಸರು ‘24’. ಜೋಯಲ್ ಸರ್ನೋ ಮತ್ತು ರಾಬರ್ಟ್ ಕಾಕ್ರನ್ ಎಂಬಿಬ್ಬರು ಇದರ ಕಲ್ಪನೆ ಮಾಡಿದವರು. ಫಾಕ್ಸ್ ವಾಹಿನಿಯಲ್ಲಿ 2001ರ ನವೆಂಬರ್ 6ರಂದು ಆರಂಭವಾಗಿ 2010ರ ಮೇ ತಿಂಗಳವರೆಗೆ ಎಂಟು ಆವೃತ್ತಿಗಳು ನಡೆದುವು. 2014ರಲ್ಲಿ ಹನ್ನೆರಡು ಕಂತುಗಳ ಇನ್ನೊಂದು ಆವೃತ್ತಿ ಬಂದಿತು. ಮೊದಲ ಎಂಟರಲ್ಲಿ ಒಂದು ಆವೃತ್ತಿಯೆಂದರೆ ಒಂದು ದಿನ. ಒಂದು ಕಂತೆಂದರೆ ಆ ದಿನದ ಒಂದು ಗಂಟೆ. ಕಥೆಯಲ್ಲಿ ಕಳೆಯುವ ಹೊತ್ತೂ ನಮ್ಮ ಮನೆಯಲ್ಲಿ ಕಳೆಯುವ ಹೊತ್ತೂ ಒಂದೇ ಎಂಬುದು ಇದರ ಹೂಟ. ಜಾಹೀರಾತಿಗಾಗಿ ಕಥೆ ನಿಲ್ಲುವಾಗ ಕಪ್ಪು ತೆರೆಯ ಮೇಲೆ ಹಳದಿ ಅಂಕಿಗಳ ಗಡಿಯಾರವೊಂದು ಮೂಡುತ್ತದೆ. ಸೆಕೆಂಡು ಸೆಕೆಂಡಿಗೂ ಎದೆಬಡಿತದಂತೆ ಸದ್ದು ಮಾಡುತ್ತದೆ. ಜಾಹೀರಾತು ಮುಗಿದು ಬಂದಾಗ ಗಡಿಯಾರ ಅಷ್ಟು ನಿಮಿಷ ಮುಂದೆ ಹೋಗಿರುತ್ತದೆ. ನಾವು ನೀರು ಕುಡಿಯಲು ಎದ್ದುಹೋದಾಗಲೂ ಅಲ್ಲಿ ಬಾಂಬಿನ ಹೊತ್ತು ಹತ್ತಿರವಾಗುತ್ತಲೇ ಇತ್ತು!

ನಾಯಕ ಜ್ಯಾಕ್ ಬವರ್, ಭಯೋತ್ಪಾದಕರನ್ನು ಹಿಡಿಯುವ ಸಿ.ಟಿ.ಯು. ಎಂಬ ಕಲ್ಪಿತ ಸರ್ಕಾರಿ ಸಂಸ್ಥೆಯ ಅಧಿಕಾರಿ. ಕೀಫರ್ ಸದರ್ಲೆಂಡ್ ಈ ಪಾತ್ರವನ್ನು ವಹಿಸಿದ್ದಾರೆ. ಮೊದಲ ಆವೃತ್ತಿಯಲ್ಲಿ ಡೇವಿಡ್ ಪಾಮರ್ ಎಂಬ ಕಪ್ಪು ಜನಾಂಗದ ಸೆನೆಟರೊಬ್ಬನ ಕೊಲೆಗೆ ಸಂಚು. ಎರಡನೆಯದರಲ್ಲಿ ಅದೇ ಪಾಮರ್ ರಾಷ್ಟ್ರಾಧ್ಯಕ್ಷನಾಗಿರುವಾಗ ಲಾಸ್ ಏಂಜಲಿಸ್ ನಗರದಲ್ಲಿ ಅಣುಬಾಂಬು. ಮುಂದೆ ವಿಷಾನಿಲ, ಕ್ಷಿಪಣಿ, ಅರಮನೆಯೊಳಗಿನ ದ್ರೋಹ. ಆವೃತ್ತಿ ಬದಲಾದರೂ ಒಂದು ದೃಶ್ಯ ಬದಲಾಗುವುದಿಲ್ಲ. ಒಬ್ಬನಿಗೆ ರಹಸ್ಯ ತಿಳಿದಿದೆ, ಅವನು ಬಾಯಿ ಬಿಡುವುದಿಲ್ಲ, ಗಡಿಯಾರ ಓಡುತ್ತಿದೆ, ಜ್ಯಾಕ್ ಬವರ್ ಬಾಗಿಲು ಮುಚ್ಚುತ್ತಾನೆ. ಅಮೆರಿಕದ ಪ್ರೇಕ್ಷಕ ಸಂಘವೊಂದು ಲೆಕ್ಕ ಹಾಕಿದಂತೆ ಮೊದಲ ಐದು ಆವೃತ್ತಿಗಳಲ್ಲಿ ಇಂಥ ಚಿತ್ರಹಿಂಸೆಯ ದೃಶ್ಯಗಳು 67.

ಇಷ್ಟಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಮೊದಲ ಕಂತಿನ ಚಿತ್ರೀಕರಣವಾದದ್ದು 2001ರ ಸೆಪ್ಟೆಂಬರ್ 11ಕ್ಕೆ ಮೊದಲು. ನ್ಯೂಯಾರ್ಕಿನ ಗೋಪುರಗಳು ಬಿದ್ದ ಎಂಟು ವಾರಗಳಲ್ಲಿ ಅದು ಪ್ರಸಾರವಾಯಿತು. ಅದರಲ್ಲಿ ಒಂದು ವಿಮಾನ ಸಿಡಿಯುವ ದೃಶ್ಯವಿತ್ತು. ಅದನ್ನು ಕತ್ತರಿಸಿ ಕಿರಿದುಮಾಡಬೇಕಾಯಿತು. ಅಂದರೆ ಈ ಧಾರಾವಾಹಿಯ ಪ್ರೇಕ್ಷಕ ಕುರ್ಚಿಯಲ್ಲಿ ಕೂರುವ ಮೊದಲೇ ಹೆದರಿದ್ದವನು.

ನಾನು ಇದನ್ನು ನೋಡಿದ್ದು ಬಹಳ ತಡವಾಗಿ, ಬೆಂಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ, ಮಗ ತಂದುಕೊಟ್ಟ ಡಿ.ವಿ.ಡಿ.ಗಳ ಮೂಲಕ. ಸಂಜೆಯ ಹೊತ್ತು ನೆರೆಮನೆಯ ವಕೀಲ ಮಿತ್ರರೊಬ್ಬರು ಬರುತ್ತಿದ್ದರು. ಅವರು ನ್ಯಾಯಾಲಯದಲ್ಲಿ ಮೂವತ್ತು ವರ್ಷ ಆರೋಪಿಗಳ ಪರವಾಗಿ ವಾದಿಸಿದವರು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದೆಂದು 1872ರ ಸಾಕ್ಷ್ಯ ಕಾಯಿದೆ ಏಕೆ ವಿಧಿಸಿತು, 2024ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಏಕೆ ಅದನ್ನು ಉಳಿಸಿಕೊಂಡಿತು ಎಂಬುದನ್ನು ನನಗೆ ವಿವರಿಸಿ ಹೇಳಿದವರೂ ಅವರೇ.

ಎರಡನೆಯ ಆವೃತ್ತಿಯ ನಡುವೆ ಒಂದು ಕಂತು ಬರುತ್ತದೆ. ಸಯ್ಯದ್ ಅಲಿ ಎಂಬ ಭಯೋತ್ಪಾದಕ ಸಿಕ್ಕಿಬಿದ್ದಿದ್ದಾನೆ; ಅಣುಬಾಂಬು ಎಲ್ಲಿದೆಯೆಂದು ಅವನಿಗೆ ಗೊತ್ತು. ಅವನಿಗೆ ಸಾವಿನ ಭಯವಿಲ್ಲ. ಆಗ ಜ್ಯಾಕ್ ಬವರ್ ಒಂದು ಪರದೆಯ ಮೇಲೆ, ದೂರದೇಶದಲ್ಲಿರುವ ಅಲಿಯ ಹೆಂಡತಿ ಮಕ್ಕಳನ್ನು ತೋರಿಸುತ್ತಾನೆ. ಅವರ ಹಿಂದೆ ಬಂದೂಕು ಹಿಡಿದವರು ನಿಂತಿದ್ದಾರೆ. ಬಾಯಿ ಬಿಡದಿದ್ದರೆ ಹಿರಿಯ ಮಗನನ್ನು ಕೊಲ್ಲಿಸುತ್ತೇನೆ ಎನ್ನುತ್ತಾನೆ. ಅಲಿ ಬಾಯಿ ಬಿಡುವುದಿಲ್ಲ. ಗುಂಡಿನ ಸದ್ದಾಗುತ್ತದೆ, ಹುಡುಗ ಬೀಳುತ್ತಾನೆ. ಇನ್ನೊಬ್ಬ ಮಗನ ಸರದಿ ಬಂದಾಗ ಅಲಿ ಕುಸಿದು ಎಲ್ಲವನ್ನೂ ಹೇಳಿಬಿಡುತ್ತಾನೆ.

ಹುಡುಗನ ಕಡೆಗೆ ಬಂದೂಕು ತಿರುಗಿದಾಗ ನಮ್ಮ ವಕೀಲ ಮಿತ್ರರು ಕುರ್ಚಿಯ ಅಂಚಿಗೆ ಬಂದಿದ್ದರು. “ಹೊಡೀಲಿ ಬಿಡಿ ಸ್ವಾಮಿ, ಇನ್ನು ಹೊತ್ತಿಲ್ಲ!” ಎಂದರು. ನಾನು ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಅವರೇ ಹೇಳಿದ್ದರು. ನನ್ನ ಹೆಂಡತಿ ಮಾತ್ರ, ಬಿಡಿಸುತ್ತಿದ್ದ ಹುರುಳಿಕಾಯಿಯನ್ನು ಮೊರದಲ್ಲಿಟ್ಟು, “ಅವನಿಗೆ ಗೊತ್ತಿಲ್ಲದೆ ಇದ್ದಿದ್ದರೆ?” ಎಂದು ಕೇಳಿದಳು. “ಗೊತ್ತಿದೆಯಮ್ಮಾ, ಆಗಲೇ ತೋರಿಸಿದರಲ್ಲ” ಎಂದರು ವಕೀಲರು. ಅಷ್ಟರಲ್ಲಿ ಮುಂದಿನ ದೃಶ್ಯ ಬಂತು. ಮಾತು ಅಲ್ಲಿಗೇ ನಿಂತಿತು.

ಆ ಕೊಲೆ ಒಂದು ನಟನೆ, ಹುಡುಗ ಸತ್ತಿಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯುತ್ತದೆ. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಆ ರಾತ್ರಿ ನನಗೆ ಆ ನಿಟ್ಟುಸಿರೇ ಒಂದು ಕಿರಿಕಿರಿಯಾಯಿತು. ಹುಡುಗ ಸತ್ತಿಲ್ಲವೆಂಬುದು ಧಾರಾವಾಹಿ ನಮಗೆ ಕೊಟ್ಟ ರಿಯಾಯಿತಿ. ನಾವು ಒಪ್ಪಿಗೆ ಕೊಟ್ಟಾಗ ಅದು ನಟನೆಯೆಂದು ನಮಗೆ ತಿಳಿದಿರಲಿಲ್ಲ. ಏನೂ ಅರಿಯದ ಒಂದು ಮಗುವಿನ ಕೊಲೆಗೆ, ನಡುಮನೆಯಲ್ಲಿ ಕುಳಿತು, ಕಾಫಿಯ ಲೋಟ ಕೈಯಲ್ಲಿ ಹಿಡಿದು ನಾನು ಒಪ್ಪಿಗೆ ಕೊಟ್ಟಿದ್ದೆ. ಕಥೆಯೊಳಗಿನ ರಾಷ್ಟ್ರಾಧ್ಯಕ್ಷ ಪಾಮರ್ ಕೂಡ ಆ ಒಪ್ಪಿಗೆಯನ್ನು ಕೊಟ್ಟಿರಲಿಲ್ಲ.

ಇಂಥ ಅನುಭವ ನನ್ನೊಬ್ಬನದೇ ಆಗಿದ್ದರೆ ಅದನ್ನು ನನ್ನ ದೌರ್ಬಲ್ಯವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇದೇ ಒಪ್ಪಿಗೆ ಅಮೆರಿಕದ ಸಾರ್ವಜನಿಕ ಜೀವನದಲ್ಲಿ ಬಹಿರಂಗವಾಗಿಯೇ ಕೇಳಿಬಂದಿದೆ.

2006ರ ಜೂನ್ ತಿಂಗಳಲ್ಲಿ ವಾಷಿಂಗ್ಟನ್ನಿನ ಹೆರಿಟೇಜ್ ಫೌಂಡೇಶನ್ ಈ ಧಾರಾವಾಹಿಯನ್ನು ಕುರಿತೇ ಒಂದು ಗೋಷ್ಠಿ ನಡೆಸಿತು. ಅದರಲ್ಲಿ ಧಾರಾವಾಹಿಯ ನಿರ್ಮಾಪಕರ ಜೊತೆ ವೇದಿಕೆಯ ಮೇಲೆ ಕುಳಿತವರು ಆಗ ದೇಶದ ಆಂತರಿಕ ಭದ್ರತೆಯ ಹೊಣೆ ಹೊತ್ತಿದ್ದ ಮೈಕೆಲ್ ಚೆರ್ಟಾಫ್! ಮರುವರ್ಷ ಮೇ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಬಯಸಿದವರ ಚರ್ಚೆ ದಕ್ಷಿಣ ಕೆರೊಲಿನಾದಲ್ಲಿ ನಡೆಯಿತು. ಬಾಂಬು ಸಿಡಿಯುವ ಭಯವಿರುವಾಗ ಸಿಕ್ಕಿಬಿದ್ದವನನ್ನು ಏನು ಮಾಡುವಿರಿ ಎಂಬ ಪ್ರಶ್ನೆ ಬಂದಾಗ, ಟಾಮ್ ಟ್ಯಾಂಕ್ರೆಡೊ ಎಂಬ ಅಭ್ಯರ್ಥಿ, ಅಂಥ ಹೊತ್ತಿನಲ್ಲಿ ತಾನು ಹುಡುಕುವುದು ಜ್ಯಾಕ್ ಬವರನನ್ನು ಎಂದು ಉತ್ತರ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ತಿಂಗಳು ಕೆನಡಾದ ಆಟವಾ ನಗರದಲ್ಲಿ ಸೇರಿದ್ದ ಒಂದು ನ್ಯಾಯಜ್ಞರ ಸಮ್ಮೇಳನದಲ್ಲಿ ಇದೇ ಹೆಸರು ಬಂತು. ಜ್ಯಾಕ್ ಬವರನ ದಾರಿ ನಮ್ಮದಾಗಬಾರದು ಎಂಬ ಅರ್ಥದ ಮಾತನ್ನು ಕೆನಡಾದ ನ್ಯಾಯಾಧೀಶರೊಬ್ಬರು ಆಡಿದಾಗ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದ ಆಂಟೊನಿನ್ ಸ್ಕಾಲಿಯ ಅದನ್ನು ಒಪ್ಪಲಿಲ್ಲ. ಜ್ಯಾಕ್ ಬವರ್ ಲಾಸ್ ಏಂಜಲಿಸ್ ನಗರವನ್ನು ಉಳಿಸಿದನಲ್ಲ, ಅವನನ್ನು ಯಾವ ನ್ಯಾಯದರ್ಶಿ ಮಂಡಲಿ ಅಪರಾಧಿಯೆನ್ನುತ್ತದೆ ಎಂದು ಅವರು ಕೇಳಿದರು.

ಗಮನಿಸಬೇಕು: ಲಾಸ್ ಏಂಜಲಿಸ್ ನಗರವನ್ನು ಯಾರೂ ಉಳಿಸಿರಲಿಲ್ಲ. ಆ ನಗರಕ್ಕೆ ಅಣುಬಾಂಬು ಬಂದಿರಲೇ ಇಲ್ಲ.

ಇದೆಲ್ಲ ಮಾತಿನ ಮಟ್ಟಕ್ಕೆ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಬ್ರಿಟಿಷ್ ನ್ಯಾಯವಾದಿ ಫಿಲಿಪ್ ಸ್ಯಾಂಡ್ಸ್ 2008ರಲ್ಲಿ ಪ್ರಕಟಿಸಿದ ‘ಟಾರ್ಚರ್ ಟೀಮ್’ ಎಂಬ ಪುಸ್ತಕದಲ್ಲಿ ಗ್ವಾಂಟಾನಮೊ ಸೆರೆಶಿಬಿರದ ಸೇನಾ ವಕೀಲೆಯಾಗಿದ್ದ ಡಯಾನ್ ಬೀವರ್ ಅವರೊಡನೆ ನಡೆದ ಮಾತುಕತೆ ಇದೆ. 2002ರಲ್ಲಿ ಆ ಶಿಬಿರದಲ್ಲಿ ಜ್ಯಾಕ್ ಬವರನಿಗೆ ಅನೇಕ ಅಭಿಮಾನಿಗಳಿದ್ದರು, ವಿಚಾರಣೆಯ ಹೊಸ ಹೊಸ ವಿಧಾನಗಳ ಬಗ್ಗೆ ಅವನಿಂದ ಜನರಿಗೆ ಆಲೋಚನೆಗಳು ಹೊಳೆದುವು ಎಂದು ಆಕೆ ಹೇಳಿದ್ದಾರೆ. ಇಲ್ಲಿ ಪ್ರೇಕ್ಷಕ ಎದ್ದುನಿಂತದ್ದು ಮಾತ್ರವಲ್ಲ, ರಂಗವನ್ನು ಹತ್ತಿದ.

ಇದಕ್ಕೆ ವಿರುದ್ಧವಾಗಿ ಎದ್ದುನಿಂತವರೂ ಇದ್ದರು. 2005ರಲ್ಲಿ ನಾಲ್ಕನೆಯ ಆವೃತ್ತಿ, ನೋಡಲು ಸಾಧುವಾದ ಒಂದು ಮುಸ್ಲಿಮ್ ಕುಟುಂಬವನ್ನು ಭಯೋತ್ಪಾದಕರ ಕುಟುಂಬವಾಗಿ ಚಿತ್ರಿಸಿದಾಗ ಅಮೆರಿಕದ ಮುಸ್ಲಿಮ್ ಸಂಸ್ಥೆಯೊಂದು ವಾಹಿನಿಗೆ ದೂರು ಕೊಟ್ಟಿತು. ಅದರ ಪರಿಣಾಮವಾಗಿ ಸದರ್ಲೆಂಡ್ ಅವರೇ ತೆರೆಯ ಮೇಲೆ ಬಂದು, ಅಮೆರಿಕದ ಮುಸ್ಲಿಮರನ್ನು ಭಯೋತ್ಪಾದಕರೊಡನೆ ಸಮೀಕರಿಸಬಾರದೆಂದು ವಿನಂತಿ ಮಾಡಿದರು. 2006ರ ನವೆಂಬರಿನಲ್ಲಿ ವೆಸ್ಟ್ ಪಾಯಿಂಟ್ ಸೇನಾ ವಿದ್ಯಾಲಯದ ಡೀನ್, ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನೆಗನ್, ಅನುಭವಿಗಳಾದ ಕೆಲವು ವಿಚಾರಣಾಧಿಕಾರಿಗಳನ್ನು ಕರೆದುಕೊಂಡು ಧಾರಾವಾಹಿಯ ಚಿತ್ರೀಕರಣದ ಸ್ಥಳಕ್ಕೇ ಹೋದರು. ಯುದ್ಧಕಾನೂನಿನ ಪಾಠ ಹೇಳುವಾಗ, ಚಿತ್ರಹಿಂಸೆ ಏಕೆ ಕೂಡದೆಂಬುದನ್ನು ತನ್ನ ವಿದ್ಯಾರ್ಥಿಗಳಿಗೆ ಮನಗಾಣಿಸುವುದು ಈ ಧಾರಾವಾಹಿಯಿಂದ ಕಷ್ಟವಾಗಿದೆ ಎಂಬುದು ಅವರ ಅಳಲು. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಜೇನ್ ಮೇಯರ್ 2007ರ ಫೆಬ್ರವರಿಯಲ್ಲಿ ಈ ಭೇಟಿಯ ವಿವರವನ್ನು ಬರೆದಿದ್ದಾರೆ. ಅದರಲ್ಲೊಂದು ಸಣ್ಣ ಪ್ರಸಂಗವುಂಟು. ಸಮವಸ್ತ್ರದಲ್ಲಿ, ಎದೆಯ ತುಂಬ ಪದಕಗಳೊಡನೆ ಬಂದ ಆ ಸೇನಾಧಿಕಾರಿಯನ್ನು ಅಲ್ಲಿಯವರು ವೇಷ ಹಾಕಿಕೊಂಡು ಬಂದ ನಟನೆಂದು ತಿಳಿದರಂತೆ. ನಿಮ್ಮ ಪಾತ್ರದ ಸರದಿ ಎಷ್ಟು ಹೊತ್ತಿಗೆ ಎಂದು ಕೇಳಿದರಂತೆ. ವೇಷದವನನ್ನು ನಿಜವಾದ ಅಧಿಕಾರಿಯೆಂದು ನ್ಯಾಯಮೂರ್ತಿಗಳು ನಂಬಿದ ದೇಶದಲ್ಲಿ ನಿಜವಾದ ಅಧಿಕಾರಿ ವೇಷದವನಾಗಿ ಕಂಡದ್ದು ಆಶ್ಚರ್ಯವಲ್ಲ.

ಹಾಗಾದರೆ ತಪ್ಪು ಎಲ್ಲಿ? ಧಾರಾವಾಹಿ ಕೆಟ್ಟದ್ದು, ಜನ ಕೆಟ್ಟರು ಎಂದುಬಿಡುವುದು ಸುಲಭ. ಅದು ವಿಮರ್ಶೆಯಲ್ಲ. ಹಿಂಸೆಯನ್ನು ತೋರಿಸಿದ್ದರಿಂದಲೇ ಒಂದು ಕೃತಿ ಕೆಡುವುದಾದರೆ ಮಹಾಭಾರತವನ್ನು ಯಾರೂ ಓದಬಾರದಾಗಿತ್ತು. ಭೀಮ ದುಶ್ಶಾಸನನ ಎದೆಯನ್ನು ಬಗೆಯುವಾಗ ನಾವು ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಆದರೆ ಆಟ ನೋಡಿ ಮನೆಗೆ ಬಂದವರು ಅದು ಸಾಕ್ಷ್ಯ ಸಂಗ್ರಹಿಸುವ ಒಂದು ವಿಧಾನವೆಂದು ವಾದಿಸಿದ್ದನ್ನು ನಾನು ಕೇಳಿಲ್ಲ.

ನಮ್ಮ ಆಲಂಕಾರಿಕರಲ್ಲಿ ಅಭಿನವಗುಪ್ತ ಈ ಪ್ರಶ್ನೆಯನ್ನು ಸಾವಿರ ವರ್ಷದ ಹಿಂದೆ ಎತ್ತಿಕೊಂಡಿದ್ದಾನೆ. ಭಯಾನಕ ರಸಕ್ಕೆ ಅವನು ಕೊಡುವ ಉದಾಹರಣೆ ಶಾಕುಂತಲದ ಮೊದಲ ಅಂಕದ ಜಿಂಕೆ. ದುಷ್ಯಂತನ ಬಾಣಕ್ಕೆ ಹೆದರಿ, ಕೊರಳು ತಿರುಗಿಸಿ ನೋಡುತ್ತ ಓಡುವ ಜಿಂಕೆ. ಅದನ್ನು ಓದುವ ಸಹೃದಯನಿಗೆ ಭಯದ ಅನುಭವ ಉಂಟಾಗುತ್ತದೆ. ಆದರೆ ‘ನಾನು ಹೆದರಿದ್ದೇನೆ’ ಎಂದಾಗಲಿ, ‘ಇಂಥ ಊರಿನ ಇಂಥ ಜಿಂಕೆ ಹೆದರಿದೆ’ ಎಂದಾಗಲಿ ಅವನಿಗೆ ಅನ್ನಿಸುವುದಿಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯ ಅದು. ಆ ಕಟ್ಟು ಕಳಚದಿದ್ದರೆ ರಸವಿಲ್ಲ. ರಸಕ್ಕೆ ಬರುವ ಏಳು ವಿಘ್ನಗಳನ್ನು ಅಭಿನವಗುಪ್ತ ಪಟ್ಟಿಮಾಡುತ್ತಾನೆ. ಅವುಗಳಲ್ಲಿ ಒಂದು, ನಟನ ಅಥವಾ ನಮ್ಮದೇ ಆದ ನಿರ್ದಿಷ್ಟ ದೇಶಕಾಲಗಳಿಗೆ ಮನಸ್ಸು ಅಂಟಿಕೊಳ್ಳುವುದು. ಇನ್ನೊಂದು, ನಮ್ಮ ಸ್ವಂತ ಸುಖದುಃಖಗಳಿಗೆ ನಾವು ವಶರಾಗಿಬಿಡುವುದು. ನಾಟಕಕ್ಕೆ ಮೊದಲು ಪೂರ್ವರಂಗವೇಕೆ, ನಟನಿಗೆ ಕಿರೀಟವೇಕೆ, ಸಂಗೀತವೇಕೆ ಎಂದರೆ ಈ ವಿಘ್ನಗಳನ್ನು ಕಳೆಯುವುದಕ್ಕಾಗಿ. ನಮ್ಮ ಯಕ್ಷಗಾನದವರು ಈ ಶಾಸ್ತ್ರವನ್ನು ಓದದೆಯೇ ಬಲ್ಲರು. ಚೆಂಡೆ ಬಾರಿಸಿ, ಸಭಾಲಕ್ಷಣ ಮುಗಿಸಿ, ಇದು ನಿಮ್ಮ ಊರಿನ ಗದ್ದೆಯಲ್ಲ, ಇದು ಇಂದಿನ ರಾತ್ರಿಯಲ್ಲ ಎಂದು ಮನಸ್ಸಿಗೆ ಹೇಳಿದ ಮೇಲೆಯೇ ಪ್ರಸಂಗ ಆರಂಭವಾಗುತ್ತದೆ.

‘24’ರ ಗಡಿಯಾರ ಮಾಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ. ಇದು ಇಂದೇ, ಇದು ಈಗಲೇ, ನಿನ್ನ ಗೋಡೆಯ ಮೇಲಿರುವುದೂ ಇದೇ ಗಡಿಯಾರ ಎಂದು ಅದು ಬಡಿದು ಬಡಿದು ಹೇಳುತ್ತದೆ. ಎರಡು ವಿಘ್ನಗಳನ್ನೂ ಅದು ಯತ್ನಪೂರ್ವಕವಾಗಿ ತಂದು ನಿಲ್ಲಿಸುತ್ತದೆ. 2001ರ ಶರತ್ಕಾಲದಲ್ಲಿ ಅಮೆರಿಕದ ಪ್ರೇಕ್ಷಕನಿಗೆ ಸ್ವಂತ ಭಯವೊಂದು ಬಹಳವಾಗಿತ್ತು. ಆ ಭಯ ಕರಗಿ ರಸವಾಗಲು ಧಾರಾವಾಹಿ ಬಿಡಲಿಲ್ಲ. ಕರಗದ ಭಯ ಏನನ್ನು ಬೇಡುತ್ತದೆ? ಅದು ಕ್ರಿಯೆಯನ್ನು ಬೇಡುತ್ತದೆ, ಯಾರದಾದರೂ ಬೆರಳನ್ನು ಬೇಡುತ್ತದೆ. ಆದುದರಿಂದ ಅವನು ಆಟ ಮುಗಿದ ಮೇಲೆ ಬರಿಗೈಯಲ್ಲಿ ಮನೆಗೆ ಹೋಗಲಾರ. ಒಂದು ಅಭಿಪ್ರಾಯವನ್ನು ಹೊತ್ತುಕೊಂಡು ಹೋಗುತ್ತಾನೆ. ಕುತೂಹಲ ನಮ್ಮ ಒಂಬತ್ತು ರಸಗಳಲ್ಲಿ ಸೇರಿಲ್ಲವೆಂಬುದು ಬಹುಶಃ ಮರೆತುಹೋದ ಲೋಪವಲ್ಲ.

ಗಡಿಯಾರದ ಜೊತೆಗೆ ಇನ್ನೊಂದು ಉಪಾಯವಿದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ವಕೀಲರು ಕೊಟ್ಟ ಉತ್ತರವನ್ನು ವಾಚಕರು ನೆನೆಯಬೇಕು: ‘ಆಗಲೇ ತೋರಿಸಿದರಲ್ಲ.’ ಹೌದು, ತೋರಿಸಿದ್ದರು. ಸಯ್ಯದ್ ಅಲಿ ಅಪರಾಧಿಯೆಂದು ಕ್ಯಾಮರಾ ನಮಗೆ ಮುಂಚೆಯೇ ತೋರಿಸಿತ್ತು. ಬಾಂಬು ಇದೆಯೆಂದು, ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿದೆಯೆಂದು, ಅವನು ಹೇಳಿದರೆ ನಿಜವನ್ನೇ ಹೇಳುತ್ತಾನೆಂದು ಪ್ರೇಕ್ಷಕನಿಗೆ ಖಚಿತವಾಗಿತ್ತು. ಲೋಕದಲ್ಲಿ ಇಷ್ಟು ಖಚಿತ ಜ್ಞಾನವುಳ್ಳ ಪೊಲೀಸ್ ಅಧಿಕಾರಿಯನ್ನು ಯಾರಾದರೂ ಕಂಡಿದ್ದಾರೆಯೆ? ಅಧಿಕಾರಿಗಿರುವುದು ಸಂಶಯ ಮಾತ್ರ. ಸಂಶಯವಿರುವುದರಿಂದಲೇ ಅವನು ಪ್ರಶ್ನೆ ಕೇಳುತ್ತಾನೆ. ನ್ಯಾಯಾಲಯವಿರುವುದು, ವಕೀಲರಿರುವುದು, ಸಾಕ್ಷ್ಯದ ಕಾಯಿದೆಯಿರುವುದು ಮನುಷ್ಯನಿಗೆ ಕ್ಯಾಮರಾದ ಸರ್ವಜ್ಞತ್ವ ಇಲ್ಲದಿರುವುದರಿಂದ. ಧಾರಾವಾಹಿ ನಮಗೆ ಆ ಸರ್ವಜ್ಞತ್ವವನ್ನು ಒಂದು ಗಂಟೆಯ ಕಾಲ ಎರವಲು ಕೊಡುತ್ತದೆ. ನಮ್ಮ ವಕೀಲ ಮಿತ್ರರೂ, ಆ ನ್ಯಾಯಮೂರ್ತಿಗಳೂ, ನಾನೂ ಮಾಡಿದ ತಪ್ಪೆಂದರೆ ಅದನ್ನು ಹಿಂದಿರುಗಿಸದೆ ಎದ್ದುಬಂದದ್ದು.

ಇದೇ ವಸ್ತುವನ್ನು ಇನ್ನೊಂದು ಬಗೆಯಲ್ಲಿ ತೋರಿಸಬಹುದೆಂಬುದಕ್ಕೆ ಇಟಲಿಯ ಜಿಲೊ ಪೊಂಟೆಕೊರ್ವೊ 1966ರಲ್ಲಿ ತೆಗೆದ ‘ಆಲ್ಜಿಯರ್ಸ್ ಕದನ’ ಚಿತ್ರ ಸಾಕ್ಷಿ. ಅದು ಆರಂಭವಾಗುವುದೇ ಚಿತ್ರಹಿಂಸೆ ಮುಗಿದ ಮೇಲೆ. ಬಡಕಲು ದೇಹದ ಒಬ್ಬ ಅಲ್ಜೀರಿಯನ್ ನಡುಗುತ್ತ ನಿಂತಿದ್ದಾನೆ. ಅವನು ಬಾಯಿ ಬಿಟ್ಟಾಗಿದೆ. ಫ್ರೆಂಚ್ ಸೈನಿಕರು ಅವನಿಗೆ ಕಾಫಿ ಕೊಡುತ್ತಾರೆ, ತಮ್ಮ ಸಮವಸ್ತ್ರವನ್ನು ತೊಡಿಸುತ್ತಾರೆ, ಅವನು ಅಳುತ್ತಾನೆ. ಅವನು ಹೇಳಿದ್ದು ನಿಜವೇ. ಸೈನಿಕರಿಗೆ ಬೇಕಾದವನು ಸಿಕ್ಕಿಯೂ ಸಿಗುತ್ತಾನೆ. ಹಿಂಸೆಯಿಂದ ಪ್ರಯೋಜನವಾಗುವುದೇ ಇಲ್ಲವೆಂದು ಪೊಂಟೆಕೊರ್ವೊ ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಗಡಿಯಾರವಿಲ್ಲ. ಮುಂದೇನಾಗುವುದೋ ಎಂಬ ಕಾತರದ ಮರೆಯಲ್ಲಿ ಆ ಮನುಷ್ಯನ ಮುಖ ಅಡಗಿಹೋಗುವುದಿಲ್ಲ. ಪ್ರೇಕ್ಷಕ ಅವನನ್ನು ನೋಡಲೇಬೇಕು. ಇರಾಕಿನ ಯುದ್ಧ ಆರಂಭವಾದ ವರ್ಷ, 2003ರ ಆಗಸ್ಟಿನಲ್ಲಿ, ಅಮೆರಿಕದ ಸೇನಾ ಕಾರ್ಯಾಲಯವಾದ ಪೆಂಟಗನ್ ಈ ಚಿತ್ರವನ್ನು ತನ್ನ ಅಧಿಕಾರಿಗಳಿಗೆ ತೋರಿಸಿತ್ತು. ಯಾವ ಚಿತ್ರ ಹೆಚ್ಚು ಮನಸ್ಸಿಗೆ ನಾಟಿತೆಂಬುದನ್ನು ಮುಂದಿನ ಚರಿತ್ರೆ ನೋಡಿದವರು ಊಹಿಸಿಕೊಳ್ಳಬಹುದು. ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿ 2014ರ ಡಿಸೆಂಬರಿನಲ್ಲಿ ಹೊರಗೆಡಹಿದ ವರದಿಯ ಸಾರಾಂಶದಲ್ಲಿ, ಸಿ.ಐ.ಎ. ನಡೆಸಿದ ಕ್ರೂರ ವಿಚಾರಣೆಗಳು ಮಾಹಿತಿ ಪಡೆಯುವ ಪರಿಣಾಮಕಾರಿ ವಿಧಾನವಾಗಿರಲಿಲ್ಲವೆಂದು ಹೇಳಿತು. ಗಡಿಯಾರವಿಲ್ಲದ ಕೋಣೆಗಳಲ್ಲಿ, ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದ ವಿಚಾರಣೆಗಳವು.

ಧಾರಾವಾಹಿಗೆ ನ್ಯಾಯ ಸಲ್ಲಿಸದೆ ಮುಗಿಸಬಾರದು. ಅದರ ಕರ್ತೃಗಳು ಬುದ್ಧಿಯಿಲ್ಲದವರಲ್ಲ. ನಾಲ್ಕನೆಯ ಆವೃತ್ತಿಯಲ್ಲಿ ಪಾಲ್ ರೇನ್ಸ್ ಎಂಬವನಿಗೆ ಜ್ಯಾಕ್ ಬವರ್ ವಿದ್ಯುತ್ ತಂತಿಯಿಂದ ಹಿಂಸೆ ಕೊಡುತ್ತಾನೆ, ಅವನು ನಿರಪರಾಧಿ, ಮುಂದೆ ಅದೇ ಪಾಲ್ ಜ್ಯಾಕ್ ಬವರನ ಪ್ರಾಣ ಉಳಿಸಲು ಹೋಗಿ ತಾನು ಗುಂಡು ತಿನ್ನುತ್ತಾನೆ. ಅದೇ ಆವೃತ್ತಿಯಲ್ಲಿ ಸಿ.ಟಿ.ಯು. ತನ್ನದೇ ಕಚೇರಿಯ ನಿರಪರಾಧಿ ಹೆಣ್ಣುಮಗಳೊಬ್ಬಳನ್ನು ಹಿಂಸಿಸುತ್ತದೆ. ನನ್ನ ಹೆಂಡತಿಯ ಪ್ರಶ್ನೆ ಬರೆದವರಿಗೂ ಹೊಳೆದಿತ್ತು! ಐದನೆಯ ಆವೃತ್ತಿಯಲ್ಲಿ ದೇಶದ್ರೋಹಿ ಬೇರಾರೂ ಅಲ್ಲ, ರಾಷ್ಟ್ರಾಧ್ಯಕ್ಷ ಚಾರ್ಲ್ಸ್ ಲೋಗನ್ ತಾನೇ. 2006ರಲ್ಲಿ ಶ್ರೇಷ್ಠ ಧಾರಾವಾಹಿಯೆಂಬ ಎಮಿ ಪ್ರಶಸ್ತಿಯೂ ಬಂದಿತು. ಅದು ಅರ್ಹವಾದ ಪ್ರಶಸ್ತಿ. 2009ರ ಏಳನೆಯ ಆವೃತ್ತಿ ಜ್ಯಾಕ್ ಬವರನನ್ನು ಸೆನೆಟ್ ಸಮಿತಿಯ ಮುಂದೆ ನಿಲ್ಲಿಸಿ, ಅವನು ಮಾಡಿದ ಹಿಂಸೆಗೆ ಉತ್ತರ ಕೇಳುವುದರಿಂದಲೇ ಆರಂಭವಾಗುತ್ತದೆ. ಆದರೆ ಉತ್ತರ ಪೂರ್ತಿಯಾಗುವ ಮೊದಲೇ ಹೊಸ ಅಪಾಯವೊಂದು ಬಂದು ಅವನನ್ನು ಕರೆದೊಯ್ಯುತ್ತದೆ. ಪಾಲ್ ರೇನ್ಸನ ಹೆಣದ ಮುಂದೆಯೂ ನಿಲ್ಲಲು ನಮಗೆ ಹೊತ್ತಿಲ್ಲ. ಪ್ರಶ್ನೆಗಳಿವೆ, ಗಡಿಯಾರ ಅವುಗಳನ್ನು ತಿಂದುಹಾಕುತ್ತದೆ.

ಪ್ರೇಕ್ಷಕನಿಗೂ ನ್ಯಾಯ ಸಲ್ಲಬೇಕು. ಪಾಮರ್ ಪಾತ್ರ ವಹಿಸಿದ ಡೆನಿಸ್ ಹೇಸ್ಬರ್ಟ್, 2008ರಲ್ಲಿ ಬರಾಕ್ ಒಬಾಮ ಅವರನ್ನು ಸ್ವೀಕರಿಸಲು ತನ್ನ ಪಾತ್ರ ಜನರನ್ನು ಕೊಂಚ ಅಣಿಗೊಳಿಸಿರಬಹುದೆಂದು ಹೇಳಿಕೊಂಡದ್ದುಂಟು. ನಡುಮನೆಗೆ ವಾರವಾರವೂ ಬಂದುಹೋಗುವ ಕಥೆ ಕೆಟ್ಟದ್ದನ್ನೇ ರೂಢಿಮಾಡಬೇಕೆಂದಿಲ್ಲ. ಇನ್ನು, ಆ ದಕ್ಷಿಣ ಕೆರೊಲಿನಾದ ಚರ್ಚೆಯಲ್ಲಿ ಸಭೆಯ ಉತ್ಸಾಹಕ್ಕೆ ಎದುರಾಗಿ, ಚಿತ್ರಹಿಂಸೆ ಕೂಡದೆಂದು ಹೇಳಿದ ಒಬ್ಬ ಅಭ್ಯರ್ಥಿಯಿದ್ದರು: ಜಾನ್ ಮೆಕೇನ್. ವಿಯೆಟ್ನಾಮಿನ ಸೆರೆಯಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಚಿತ್ರಹಿಂಸೆಯನ್ನು ಮೈಯಲ್ಲಿ ಅನುಭವಿಸಿದವರು. ಅವರೂ ‘24’ರ ಅಭಿಮಾನಿಯೇ; 2006ರಲ್ಲಿ ಅದರ ಒಂದು ಕಂತಿನಲ್ಲಿ ಕೆಲವು ಕ್ಷಣ ಕಾಣಿಸಿಕೊಂಡದ್ದೂ ಉಂಟು. ಅದಕ್ಕೆ ಹಿಂದಿನ ವರ್ಷವಷ್ಟೇ, ಸೆರೆಸಿಕ್ಕವರನ್ನು ಕ್ರೂರವಾಗಿ ನಡೆಸಿಕೊಳ್ಳಬಾರದೆಂಬ ಕಾನೂನನ್ನು ಮುಂದೆ ನಿಂತು ಮಾಡಿಸಿದ್ದವರು ಅವರು. ಕಥೆಯನ್ನು ಕಥೆಯಾಗಿ ಸವಿದು, ಅದರ ಸರ್ವಜ್ಞತ್ವವನ್ನು ಅಲ್ಲಿಯೇ ಬಿಟ್ಟು ಬರಬಲ್ಲವನನ್ನು ಸಹೃದಯನೆನ್ನುವುದಾದರೆ, ಈ ಧಾರಾವಾಹಿಗೆ ನಾನು ಬಲ್ಲ ಅತ್ಯುತ್ತಮ ಸಹೃದಯ ಅವರೇ. ಆದರೆ ಅದಕ್ಕೆ ಅವರು ತೆತ್ತ ಬೆಲೆಯನ್ನು ಎಲ್ಲ ಪ್ರೇಕ್ಷಕರಿಂದಲೂ ಕೇಳುವಂತಿಲ್ಲ.

ಇದು ದೂರದ ದೇಶದ ಮಾತೆಂದು ನಾ���ು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ‘24’ರ ಎಂಟನೆಯ ಆವೃತ್ತಿಯಲ್ಲಿ ಪಾತ್ರ ವಹಿಸಿದ್ದ ಅನಿಲ್ ಕಪೂರ್ ಇದನ್ನು ಹಿಂದಿಗೆ ತಂದರು, 2013ರ ಅಕ್ಟೋಬರಿನಲ್ಲಿ ಕಲರ್ಸ್ ವಾಹಿನಿಯಲ್ಲಿ ಜ್ಯಾಕ್ ಬವರ್ ಜೈ ಸಿಂಗ್ ರಾಥೋಡ್ ಆಗಿ ಬಂದ. ಆತ ಬರುವುದಕ್ಕೆ ಬಹಳ ಮೊದಲೇ ನಮ್ಮ ಚಿತ್ರಮಂದಿರಗಳಲ್ಲಿ, ಠಾಣೆಯೊಳಗೆ ಲಾಠಿ ಎತ್ತಿದ ಇನ್‌ಸ್ಪೆಕ್ಟರನಿಗೆ ಶಿಳ್ಳೆ ಬೀಳುತ್ತಿತ್ತು. ಬಂಧನದಲ್ಲಿರುವವನ ಮೈಮುಟ್ಟದಿರಲು ಏನೇನು ಮಾಡಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಹನ್ನೊಂದು ಸೂತ್ರಗಳನ್ನು ವಿಧಿಸಬೇಕಾಯಿತೆಂದರೆ, ಶಿಳ್ಳೆ ಹೊಡೆದವರು ಚಿತ್ರಮಂದಿರದಲ್ಲಿ ಮಾತ್ರ ಇರಲಿಲ್ಲವೆಂದು ತೋರುತ್ತದೆ.

ಮೊದಲ ಆವೃತ್ತಿಯ ಕೊನೆಯಲ್ಲಿ ಒಂದು ಕ್ಷಣವಿದೆ. ಜ್ಯಾಕ್ ಬವರನ ಹೆಂಡತಿ ಕೊಲೆಯಾಗಿದ್ದಾಳೆ. ಅವನು ಆಕೆಯನ್ನು ತಬ್ಬಿಕೊಂಡು ಕುಳಿತಿದ್ದಾನೆ. ಗಡಿಯಾರ ಮೂಡುತ್ತದೆ, ಅಂಕಿಗಳು ಉರುಳುತ್ತವೆ, ಆದರೆ ಸದ್ದಿಲ್ಲ. ಮುಂದಿನ ಆವೃತ್ತಿಗಳಲ್ಲಿಯೂ ಮುಖ್ಯ ಪಾತ್ರಗಳು ಸತ್ತಾಗ ಹೀಗೆಯೇ ಗಡಿಯಾರ ಮೌನವಾಗುತ್ತದೆ. ಇಡೀ ಧಾರಾವಾಹಿಯಲ್ಲಿ ನನಗೆ ಕಾವ್ಯವೆನಿಸಿದ್ದು ಆ ಮೌನ. ಆದರೆ ಆ ಮೌನ ನಮ್ಮ ಪ್ರೀತಿಯ ಪಾತ್ರಗಳಿಗೆ ಮೀಸಲು. ಮುಚ್ಚಿದ ಬಾಗಿಲಿನ ಹಿಂದೆ ಕುರ್ಚಿಗೆ ಕಟ್ಟಿಸಿಕೊಂಡವನಿಗೆ ಅದು ಸಿಗುವುದಿಲ್ಲ.

ನಮ್ಮ ವಕೀಲ ಮಿತ್ರರು ಈಗಲೂ ಬರುತ್ತಾರೆ. ಇಂಥ ಕಥೆಗಳನ್ನು ಈಗಲೂ ಒಟ್ಟಿಗೆ ನೋಡುತ್ತೇವೆ. ಈಗಲೂ ಕುರ್ಚಿಯ ಅಂಚಿಗೆ ಬರುತ್ತೇವೆ. ಒಂದು ವ್ಯತ್ಯಾಸ ಮಾತ್ರ ಆಗಿದೆ. ತೆರೆಯ ಮೇಲೆ ಯಾರಾದರೂ ಬಾಗಿಲು ಮುಚ್ಚಿದ ಕೂಡಲೆ ನನ್ನ ಹೆಂಡತಿ ಆಟವನ್ನು ನಿಲ್ಲಿಸಿಬಿಡುತ್ತಾಳೆ. “ಈಗ ಹೇಳಿ, ಅವನಿಗೆ ಗೊತ್ತಿಲ್ಲದೆ ಇದ್ದರೆ?” ಎನ್ನುತ್ತಾಳೆ. ವಕೀಲರು ಕಾಯಿದೆಯ ಮಾತೆತ್ತುತ್ತಾರೆ, ನಾನು ಅಭಿನವಗುಪ್ತನನ್ನು ಕರೆಯುತ್ತೇನೆ, ಕಾಫಿ ಆರುತ್ತದೆ. ಆಟದ ಸ್ವಾರಸ್ಯ ಕೆಡುತ್ತದೆ, ನಿಜ. ಕಂಪನಿ ನಾಟಕದ ಆ ಪ್ರೇಕ್ಷಕನ ಬಳಿ ಒಂದು ಕೆರ ಮಾತ್ರ ಇತ್ತು. ನಮ್ಮ ಕೈಯಲ್ಲಿ ಕಥೆಯನ್ನು ನಿಲ್ಲಿಸುವ ಗುಂಡಿಯೇ ಇದೆ.